ಚಪ್ಪಲಿಯ ಉಂಗುಟ ಹರಿದ ತಾಯಿಗೆ

ಕೆಂಪುಗುಡ್ಡದ ಮೂರನೆಯ ಪಡಸಾಲೆಯಿಂದ,
ಹಿರೇನೀರು ಬಂದುಹೋದ ಮೇಲಿನ ನೂರ ಎಪ್ಪತ್ತನೆಯ ವರ್ಷ, ಎರಡನೆಯ ಸ್ವಾತಿ, ಎರಡನೆಯ ಪಾದ.

ತಾಯಿ,

ಮೇಲಿನ ತಿಥಿ ಓದಿ ನೀನು ನಕ್ಕಿದ್ದರೆ ತಪ್ಪೇನಿಲ್ಲ. ನಿನ್ನ ಕಾಲದಲ್ಲಿ ವರ್ಷಕ್ಕೆ ಒಂದೇ ಸ್ವಾತಿ ಮಳೆ ಇತ್ತಂತೆ. ನಮಗೆ ಎರಡು. ಮೊದಲನೆಯದು ಬಂದು ಹೋಗಿ, ಜೋಳ ಬಿತ್ತಿ, ಮೊಳಕೆ ಕಂಡು ಸಂತೋಷಪಡುವಷ್ಟರಲ್ಲಿ ಎರಡನೆಯದು ಬಂದು ಹೊಳೆಯನ್ನು ಊರೊಳಗೆ ಕರೆತರುತ್ತದೆ. ಪಂಚಾಂಗದವರು ಬಹಳ ದಿನ ಇದಕ್ಕೊಂದು ಹೊಸ ಹೆಸರು ಹುಡುಕಿ, ಜಗಳವಾಡಿ, ಸುಸ್ತಾಗಿ, ಕೊನೆಗೆ ಎರಡನೆಯ ಸ್ವಾತಿ ಅಂತಲೇ ಬಿಟ್ಟರು. ಈ ಕಾಗದದಲ್ಲಿ ಇಂಥ ವಿಚಿತ್ರ ಮಾತುಗಳು ಇನ್ನೂ ಬರುತ್ತವೆ, ಕ್ಷಮಿಸು. ಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಿನಗೆ ‘ನೀನು’ ಅನ್ನುತ್ತಿರುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅವ್ವನಿಗೆ ಬಹುವಚನ ಹಚ್ಚುವ ರೂಢಿ ನಮ್ಮ ಕಡೆ ನಿನ್ನ ಕಾಲದಲ್ಲೂ ಇರಲಿಲ್ಲ, ಈಗಲೂ ಇಲ್ಲ.

ನಿನ್ನ ಹೆಸರು ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಒಂದು ಬೆಳಿಗ್ಗೆ ನೀನು ಹೊಳೆಯ ದಂಡೆಯ ಮೇಲೆ ಹೋಗುತ್ತಿದ್ದೆ, ಎಡಗಾಲಿನ ಚಪ್ಪಲಿಯ ಉಂಗುಟ ಹರಿಯಿತು, ಅದೇ ಹೊತ್ತಿಗೆ ಈಚಲು ಮರಗಳಲ್ಲಿದ್ದ ಗೀಜಗ ಹಕ್ಕಿಗಳೆಲ್ಲ ಅರ್ಧ ನೇಯ್ದ ಗೂಡು ಬಿಟ್ಟು ಎದ್ದು ಹೋದವು, ಆ ದಿನವೇ ಹಿರೇನೀರು ಬಂತು. ಹಿರೇನೀರು ಅಂದರೆ ದಂಡೆಯ ಊರುಗಳನ್ನೆಲ್ಲ ಒಂದೇ ಸಲಕ್ಕೆ ತೊಳೆದುಕೊಂಡು ಹೋದ ಆ ಪ್ರವಾಹ. ನಮ್ಮ ಕಾಲದ ಎಣಿಕೆ ಶುರುವಾಗುವುದೇ ಅಲ್ಲಿಂದ. ನೀನು ಬದುಕಿ ಉಳಿದೆ ಅನ್ನುವುದೂ ಗೊತ್ತು. ಇಲ್ಲದಿದ್ದರೆ ಚಪ್ಪಲಿಯ ಸುದ್ದಿ ನನ್ನವರೆಗೆ ಬರುತ್ತಿರಲಿಲ್ಲ.

ನಾನು ಸಂಕವ್ವ. ಕಸುಬಿನಿಂದ ಬೇರುಗಾರ್ತಿ. ಯಾರಾದರೂ ಹೊಸದೊಂದು ಸಿದ್ಧಾಂತ ತಂದರೆ, ಅದು ಯಾವ ಯಾವ ಮಾತಿನ ಮೇಲೆ ನಿಂತಿದೆಯೋ ಆ ಮಾತುಗಳ ಬೇರಿನವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ಮೊದಲು ಆಡಿದವರು ಯಾರು, ಅವರು ಕಂಡಿದ್ದರೋ ಕೇಳಿದ್ದರೋ ಅಂತ ನೋಡಿಕೊಂಡು ಬರುವುದು ನನ್ನ ಕೆಲಸ. ಕಣ್ಣಿಗೂ ಕಿವಿಗೂ ನಾಲ್ಕೇ ಬೆರಳಿನ ಅಂತರ ಅಂತ ನಿಮ್ಮ ಕಾಲದಲ್ಲೂ ಹೇಳುತ್ತಿದ್ದರಂತೆ. ಆ ನಾಲ್ಕು ಬೆರಳು ಅಳೆಯುವುದರಲ್ಲೇ ನನ್ನ ಮೊಣಕಾಲು ಸವೆದಿವೆ. ನಡಿಗೆ ಮುಗಿದ ಮೇಲೆ ಬೇರಿನಲ್ಲಿ ಸಿಕ್ಕ ಮನುಷ್ಯರಿಗೆ, ಅವರು ಸತ್ತು ಎಷ್ಟು ಕಾಲವಾಗಿದ್ದರೂ, ಒಂದು ಕಾಗದ ಬರೆದು ಹೊಳೆದಂಡೆಯ ಕಲ್ಲಿನ ಕೆಳಗೆ ಇಡುವುದು ನಮ್ಮ ಪದ್ಧತಿ. ಕಾಗದ ಹಿಂದಕ್ಕೆ ಹೋಗುವುದಿಲ್ಲ ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಆದರೂ ಒಬ್ಬರ ಮಾತನ್ನು ಅಷ್ಟು ತಿರುವಿ ಹಾಕಿ ನೋಡಿದ ಮೇಲೆ ಅವರಿಗೆ ಎರಡು ಮಾತು ಹೇಳದೆ ಸುಮ್ಮನಿರುವುದು ಮರ್ಯಾದೆಯಲ್ಲ.

ಮೊದಲು ನಮ್ಮ ಬದುಕು ಹೇಳುತ್ತೇನೆ. ನಾವು ಎರಡು ಮನೆಯ ಮಂದಿ. ಚಳಿಗಾಲ, ಬೇಸಿಗೆ ಹೊಳೆದಂಡೆಯಲ್ಲಿ. ಮಘಿ ಮಳೆ ಹತ್ತಿರ ಬಂದ ಕೂಡಲೇ ಗುಡ್ಡದ ಮೇಲೆ. ಇದಕ್ಕೆ ಏರಿಕೆ ಅನ್ನುತ್ತೇವೆ. ಊರಿಗೆ ಊರೇ ಹೊರಡುತ್ತದೆ. ಕೋಳಿ ಬುಟ್ಟಿಯಲ್ಲಿ, ಕೂಸು ಜೋಳಿಗೆಯಲ್ಲಿ, ನಡೆಯಲಾರದ ಮುದುಕರು ಇಬ್ಬರು ಹೊರುವ ಬಿದಿರಿನ ತೊಟ್ಟಿಲಲ್ಲಿ. ಬಿಸಿಲುಹಾಳೆಗಳನ್ನು, ಅಂದರೆ ಬಿಸಿಲು ಕುಡಿದು ದೀಪ ಉರಿಸುವ ನಮ್ಮ ತೆಳ್ಳನೆಯ ಹಾಸುಗಳನ್ನು, ಚಾಪೆಯಂತೆ ಸುತ್ತಿ ತಲೆಯ ಮೇಲೆ ಇಟ್ಟುಕೊಳ್ಳುತ್ತೇವೆ. ಎಮ್ಮೆಗಳು ಪ್ರತಿ ವರ್ಷವೂ ಮೊದಲ ಸಲವೇನೋ ಅನ್ನುವ ಹಾಗೆ ಮೆಟ್ಟಿಲ ಬಳಿ ಹಟ ಹಿಡಿಯುತ್ತವೆ. ಮೇಲೆ ನಮ್ಮ ಹಿರಿಯರು ಕೆಂಪು ಕಲ್ಲು ಕಡಿದು ಮಾಡಿದ ಉದ್ದನೆಯ ಪಡಸಾಲೆಗಳಿವೆ. ಒಂದೊಂದರಲ್ಲಿ ಎಂಟು ಹತ್ತು ಮನೆಯವರು. ಒಲೆ ಒಂದೇ, ಜಗಳ ಬೇಕಾದಷ್ಟು. ಬಾವಲಿಯ ವಾಸನೆ ಮೊದಲ ವಾರ ಮೂಗಿಗೆ ಬಡಿಯುತ್ತದೆ, ಆಮೇಲೆ ಅದು ನಮ್ಮದೇ ವಾಸನೆಯಾಗುತ್ತದೆ. ಗಂಡಸರೂ ಹೆಂಗಸರೂ ನಡುವೆ ಇಳಿದು ಹೋಗಿ ಬಿತ್ತಿ ಮತ್ತೆ ಹತ್ತುತ್ತಾರೆ. ಎರಡನೆಯ ಸ್ವಾತಿ ಮುಗಿದ ಮೇಲೆ ಎಲ್ಲರೂ ಇಳಿದು, ಹೊಳೆ ಬಿಟ್ಟು ಹೋದ ಕೆಸರು ಬಳಿದು, ಮನೆಗೆ ಸುಣ್ಣ ಬಳಿಯುತ್ತೇವೆ.

ಏರಿಕೆ ನಮ್ಮನ್ನು ಉಳಿಸಿದೆ, ನಿಜ. ಆದರೆ ಅದು ಸುಮ್ಮನೆ ಉಳಿಸುವುದಿಲ್ಲ. ಮೆಟ್ಟಿಲಿಗೆ ಹಾವಸೆ ಕಟ್ಟಿರುತ್ತದೆ. ನನ್ನ ಗಂಡ ಮಲ್ಲೇಶಿ ಬೀಸುಕಲ್ಲು ಹೊತ್ತುಕೊಂಡು ಹತ್ತುವಾಗ ಕಾಲು ಜಾರಿ ಹೋದವನು. ಮೇಲೆ ಬೇರೆ ಬೀಸುಕಲ್ಲು ಇದೆ, ಅದನ್ನು ಬಿಡು ಅಂದೆ. ‘ಈ ಕಲ್ಲಿನ ಹಿಟ್ಟಿನ ರೊಟ್ಟಿನ ಬ್ಯಾರೆ’ ಅಂದ. ಅವನ ಬಾಯಿಂದ ಬಂದ ಕೊನೆಯ ಮಾತು ರೊಟ್ಟಿಯದು. ಆಗ ನಮ್ಮ ಮಗಳು ನೀಲಗಂಗಿ ನನ್ನ ಹಿಂದೆಯೇ ಹತ್ತುತ್ತಿದ್ದಳು. ಎಲ್ಲವನ್ನೂ ಕಂಡಳು. ಅವತ್ತಿನಿಂದ ಅವಳಿಗೆ ಆ ಮೆಟ್ಟಿಲುಗಳ ಮೇಲೆ ದ್ವೇಷ.

ಇನ್ನು ಕಣ್ಣುದತ್ತು. ಇದನ್ನು ನೀನು ತಿಳಿದುಕೊಳ್ಳಲೇಬೇಕು, ಯಾಕೆಂದರೆ ಈ ಗೊಂದಲವೆಲ್ಲ ಅಲ್ಲಿಂದಲೇ ಹುಟ್ಟಿತು. ನಿಮ್ಮ ಕಾಲದ ಕೊನೆಗೆ ಯಂತ್ರಗಳು ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲವಾಗಿದ್ದವಂತೆ, ಯಾರ ಮುಖ ಬೇಕಾದರೂ ತೋರಿಸಬಲ್ಲವಾಗಿದ್ದವಂತೆ. ಸತ್ತ ಅಪ್ಪ ಎದ್ದು ಬಂದು ಹೊಲ ಮಾರು ಅಂದರೆ ಯಾರು ಏನು ಮಾಡಬೇಕು? ಆಮೇಲೆ ಹಿರೇನೀರು ಬಂತು, ಯಂತ್ರಗಳೂ ಹೋದವು. ಉಳಿದವರು ಒಂದು ತೀರ್ಮಾನಕ್ಕೆ ಬಂದರು: ಜೀವಂತ ಬಾಯಿಯಿಂದ ಬಂದ ಮಾತಷ್ಟೇ ಮಾತು. ಆದರೆ ಕಂಡವರು ಸಾಯುತ್ತಾರಲ್ಲ? ಅದಕ್ಕೆ ದೊಡ್ಡದೇನನ್ನಾದರೂ ಕಂಡವರು ಸಾಯುವ ಮೊದಲು ಅವರ ಮಕ್ಕಳೋ ಮೊಮ್ಮಕ್ಕಳೋ ಅವರ ಕಣ್ಣನ್ನು ದತ್ತು ತೆಗೆದುಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ಕೂತು, ಕಂಡದ್ದನ್ನು ಅವರ ಮಾತಿನಲ್ಲೇ ಕಲಿತು, ಅವರು ಹೋದ ದಿನದಿಂದ ‘ನಮ್ಮಜ್ಜಿ ಕಂಡಿದ್ದಳು’ ಅನ್ನುವುದಿಲ್ಲ, ‘ನಾನು ಕಂಡೆ’ ಅನ್ನುತ್ತಾರೆ. ಸತ್ತವರ ಕಣ್ಣು ಮುಚ್ಚದೆ ಇರಲಿ ಅನ್ನುವ ಆಸೆ ಅದು. ಈ ಪದ್ಧತಿಯನ್ನು ನಾನು ಇವತ್ತಿಗೂ ಪ್ರೀತಿಸುತ್ತೇನೆ, ಅದು ಮಾಡಿದ ಎಡವಟ್ಟನ್ನು ಕಂಡ ಮೇಲೂ.

ನನ್ನ ಸೋದರತ್ತೆಯಿಂದ ನಾನು ಒಂದು ಕಣ್ಣು ದತ್ತು ಪಡೆದಿದ್ದೇನೆ. ಹಿರೇನೀರಿನ ಕಣ್ಣು. ನಮ್ಮೂರಲ್ಲಿ ಮಕ್ಕಳು ಕೇಳಿದಾಗಲೆಲ್ಲ ನಾನು ಹೇಳುತ್ತೇನೆ: ನಾನು ದಂಡೆಯ ಮೇಲೆ ಹೊರಟಿದ್ದೆ, ಎಡಗಾಲಿನ ಚಪ್ಪಲಿಯ ಉಂಗುಟ ಹರಿಯಿತು, ಗೀಜಗಗಳೆಲ್ಲ ಎದ್ದು ಹೋದವು, ಆಮೇಲೆ ಹೊಳೆ ಬಂತು. ಎಷ್ಟು ಸಲ ಹೇಳಿದ್ದೇನೆ ಅಂದರೆ, ಮಳೆಗಾಲದಲ್ಲಿ ನನ್ನ ಎಡಗಾಲಿನ ಹೆಬ್ಬೆರಳಿನ ಸಂದು ಸುಮ್ಮಸುಮ್ಮನೆ ಉರಿಯುತ್ತದೆ.

ನೀಲಗಂಗಿ ಈ ಕತೆ ಕೇಳುತ್ತಲೇ ಬೆಳೆದವಳು. ಅಪ್ಪ ಹೋದ ಮೇಲೆ ಅವಳು ಗೀಜಗಗಳ ಹಿಂದೆ ಬಿದ್ದಳು. ಬಿತ್ತುವವರ ಜೊತೆ ಇಳಿದು ಹೋಗಿ ಈಚಲು ಮರದ ಕೆಳಗೆ ಕೂತು, ಯಾವ ಗೂಡು ಎಷ್ಟು ನೇಯ್ದಿದೆ, ಯಾವಾಗ ಬಿಟ್ಟಿತು ಅಂತ ನೋಡುವುದೇ ಕೆಲಸ. ಸಣ್ಣಪುಟ್ಟ ನೀರಿಗೆ ಹಕ್ಕಿ ಕೆಲವು ಸಲ ಏಳುತ್ತಿದ್ದವು, ಕೆಲವು ಸಲ ಇಲ್ಲ. ಸಣ್ಣ ನೀರಿಗೆ ಅವು ಯಾಕೆ ಹೆದರಬೇಕು, ದೊಡ್ಡ ನೀರು ಬರುವುದಿದ್ದರೆ ಮಾತ್ರ ಅವಕ್ಕೆ ಮೊದಲೇ ತಿಳಿಯುತ್ತದೆ, ನೆಲದ ಒಳಗಿನ ನಡುಕವೋ ಗಾಳಿಯ ಭಾರವೋ ಅವಕ್ಕೆ ಮುಟ್ಟುತ್ತದೆ ಅನ್ನುವುದು ಅವಳ ಸಿದ್ಧಾಂತ. ‘ಅವ್ವಾ, ಹಕ್ಕಿ ನಮಗಿಂತ ಮೊದ್ಲ ತಿಳ್ಕೊಂತಾವ. ಅವು ಎದ್ದ ದಿನ ನಾವು ಎದ್ರಾತು. ಮಳಿಗಾಲ ಪೂರ್ತಿ ಗುಡ್ಡದಾಗ ಯಾಕ ಕುಂದ್ರಬೇಕು?’ ಅಂತ ಕೇಳುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು ನೀನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಇದು ಹೆಗ್ಗಣವೂ ಅಲ್ಲ, ಚೆಂದದ ಸಿದ್ಧಾಂತವೇ.

ದೊಡ್ಡ ನೀರು ನಮ್ಮ ಆಯುಷ್ಯದಲ್ಲಿ ಬಂದಿರಲಿಲ್ಲ. ಹಾಗಾಗಿ ಅವಳಿಗೆ ಹಿರೇನೀರನ್ನು ಕಂಡವರ ಮಾತು ಬೇಕಿತ್ತು. ಬೇಸಿಗೆಯಲ್ಲಿ ಕನ್ನಡಿಮಾತು ಕಳಿಸಿ ಊರೂರಿಗೆ ಕೇಳಿದಳು. ಕನ್ನಡಿಮಾತು ಅಂದರೆ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕನ್ನಡಿಯಲ್ಲಿ ಬಿಸಿಲು ಮಿಂಚಿಸಿ ಆಡುವ ಮಾತು. ಒಂದೊಂದು ಅಕ್ಷರಕ್ಕೂ ಕೈ ಸೋಲುತ್ತದೆ, ಅದಕ್ಕೆ ಎಲ್ಲರೂ ಚುಟುಕಾಗಿ ಹೇಳುತ್ತಾರೆ. ನಾಲ್ಕು ಊರುಗಳಿಂದ ಉತ್ತರ ಬಂತು, ನಾಲ್ಕೂ ಒಂದೇ: ನಾನು ಕಂಡೆ, ಗೀಜಗ ಎದ್ದವು, ನೀರು ಬಂತು. ನನ್ನದೂ ಸೇರಿ ಐದು ಕಣ್ಣು. ಐದು ಊರಿನ, ಒಬ್ಬರನ್ನೊಬ್ಬರು ನೋಡಿರದ ಐದು ಮಂದಿ ಒಂದೇ ಮಾತು ಹೇಳಿದರೆ ಇನ್ನೇನು ಬೇಕು? ನಮ್ಮ ಕೂಡುಕಟ್ಟೆಯಲ್ಲಿ, ಅಂದರೆ ಊರವರೆಲ್ಲ ಸೇರಿ ತೀರ್ಮಾನ ಮಾಡುವ ಸಭೆಯಲ್ಲಿ, ಹೆಂಗಸರು ಆಗಲೇ ಈ ವರ್ಷ ಏರಿಕೆಯಿಲ್ಲ ಅಂತ ಮಾತಾಡತೊಡಗಿದರು. ಬಸುರಿಯರಿಬ್ಬರು ನೀಲಗಂಗಿಯ ಕೈ ಹಿಡಿದುಕೊಂಡು ಅತ್ತರು.

ಕಟ್ಟೆಯ ಹಿರಿಯ ಸಿದ್ಲಿಂಗಪ್ಪ ಮಾತ್ರ ಬೇರು ನಡಿಗೆ ಆಗಲಿ ಅಂದ. ಅದಕ್ಕೆ ನಮ್ಮಲ್ಲೊಂದು ನಿಯಮ ಇದೆ. ಸಿದ್ಧಾಂತ ನಿಜವಾಗಲಿ ಅಂತ ಯಾರು ಎಲ್ಲರಿಗಿಂತ ಹೆಚ್ಚು ಬಯಸುತ್ತಾರೋ ಆ ಬೇರುಗಾರರನ್ನೇ ಕಳಿಸಬೇಕು. ಸುಳ್ಳಾಗಲಿ ಅನ್ನುವವರು ಸುಳ್ಳು ಅಂದರೆ ಯಾರೂ ನಂಬುವುದಿಲ್ಲ. ನಿಜವಾಗಲಿ ಅನ್ನುವವರೇ ಬಂದು ಸುಳ್ಳು ಅಂದರೆ ಎಲ್ಲರೂ ನಂಬುತ್ತಾರೆ. ‘ಸಂಕವ್ವ, ನಿನ್ನಷ್ಟು ಆಸೆ ಯಾರಿಗೈತಿ? ಅದಕ್ಕ ನೀನ ಹೋಗು’ ಅಂದ ಸಿದ್ಲಿಂಗಪ್ಪ. ಅವನ ಮಾತು ನಿಜವಾಗಿತ್ತು. ನನ್ನ ಮೊಣಕಾಲಿಗೆ ಆ ಮೆಟ್ಟಿಲು ಬೇಡವಾಗಿತ್ತು, ನನ್ನ ಮಗಳ ಮುಖಕ್ಕೆ ಆ ನಗು ಬೇಕಾಗಿತ್ತು.

ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟೆ. ಮೊದಲ ಊರಲ್ಲಿ ಕಣ್ಣು ಹೊತ್ತವನು ಕಲ್ಮೇಶಪ್ಪ ಅನ್ನುವ ಮುದುಕ, ಬಡಗಿ. ಮಜ್ಜಿಗೆ ಕೊಟ್ಟು ಕೂಡಿಸಿ, ಗಂಟಲು ಸರಿಮಾಡಿಕೊಂಡು ಶುರು ಮಾಡಿದ: ‘ನಾ ದಂಡಿ ಮ್ಯಾಲ ಹೊಂಟಿದ್ದೆ ನೋಡ್ರಿ. ಎಡಗಾಲ ಚಪ್ಪಲಿ ಉಂಗುಟ ಫಟ್ಟಂತ ಹರೀತು.’ ನಿನ್ನ ಮುಂದೆ ಯಾಕೆ ಮುಚ್ಚಿಡಲಿ ತಾಯಿ, ನನಗೆ ಮೊದಲು ಬಂದದ್ದು ಸಿಟ್ಟು. ಅದು ನನ್ನ ಚಪ್ಪಲಿ! ಅದು ಹೇಗೆ ಈ ಬಡಗಿಯ ಕಾಲಿಗೆ ಬಂತು? ಮಜ್ಜಿಗೆ ಕೆಳಗಿಟ್ಟು ಎಡಗಾಲೇ ಹೌದಾ ಅಂತ ಕೇಳಿದೆ. ಅವನಿಗೆ ಅವಮಾನವಾಯಿತು. ‘ನನ್ನ ಕಾಲು ನನಗ ಗೊತ್ತಿಲ್ಲೇನ್ರಿ?’ ಅಂದ. ಮುಂದಿನ ಎರಡು ಊರುಗಳಲ್ಲೂ ಅದೇ ದಂಡೆ, ಅದೇ ಎಡಗಾಲು, ಅದೇ ಉಂಗುಟ. ಅಲ್ಲಿಗೆ ನನ್ನ ಸಿಟ್ಟು ಹೋಗಿ ಬೆರಳು ಮಡಚಿ ಎಣಿಸತೊಡಗಿದೆ. ಒಂದೇ ಬೆಳಿಗ್ಗೆ ಹಕ್ಕಿ ಹೋದದ್ದನ್ನು ಐದು ಜನ ಕಾಣಬಹುದು. ಒಂದೇ ಬೆಳಿಗ್ಗೆ ಐದು ಜನರ ಎಡಗಾಲಿನ ಉಂಗುಟ ಹರಿಯುವುದಿಲ್ಲ.

ನಿನಗೆ ಗೊತ್ತೇ ಇರುತ್ತದೆ ಏನಾಗಿತ್ತು ಅಂತ. ಯಾರ ಕಣ್ಣು ಯಾರಿಂದ ಬಂತು ಅಂತ ಊರೂರಲ್ಲಿ ಹಿಂದಕ್ಕೆ ಕೇಳುತ್ತ ಹೋದಾಗ ನನಗೂ ತಿಳಿಯಿತು. ಪ್ರವಾಹದ ನಂತರ ನಿನ್ನ ಮಕ್ಕಳು ಚದುರಿ ಹೋದರು, ಸಿಕ್ಕ ಸಿಕ್ಕ ಎತ್ತರದಲ್ಲಿ ಹೊಸ ಊರು ಕಟ್ಟಿದರು. ನೀನು ಒಬ್ಬೊಬ್ಬರ ಮನೆಯಲ್ಲಿ ಕೆಲವು ಕಾಲ ಇದ್ದೆ. ಎಲ್ಲರಿಗೂ ಅವ್ವನ ಕಣ್ಣು ಬೇಕಿತ್ತು, ಎಲ್ಲರೂ ದತ್ತು ತೆಗೆದುಕೊಂಡರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ‘ನಾನು ಕಂಡೆ, ನಾನು ಕಂಡೆ’ ಅನ್ನುತ್ತ ಬಂದರು. ಸಂಬಂಧ ಮರೆತುಹೋಯಿತು, ಕಣ್ಣು ಉಳಿಯಿತು. ಹೀಗೆ ಒಬ್ಬಳು ಐದು ಮಂದಿಯಾದಳು. ಊರೂರಲ್ಲಿ ಕತೆ ಹೇಳುವಾಗ ಚಪ್ಪಲಿ ಇದ್ದೇ ಇತ್ತು, ಆದರೆ ಕನ್ನಡಿಮಾತಿನಲ್ಲಿ ಚಪ್ಪಲಿಗೆ ಎಲ್ಲಿಯ ಜಾಗ? ಹಕ್ಕಿಗೂ ನೀರಿಗೂ ಸಂಬಂಧವಿಲ್ಲದ ಮಾತು ಅಂತ ಎಲ್ಲರೂ ಅದನ್ನು ಬಿಟ್ಟರು. ಆ ಕಲ್ಮೇಶಪ್ಪ ನನಗೆ ಏನಾಗಬೇಕು ಅಂತ ಲೆಕ್ಕ ಹಾಕಿದರೆ ದೂರದ ಅಣ್ಣನಾಗುತ್ತಾನೆ. ಅವನ ಜೊತೆ ಜಗಳವಾಡಿ ಬಂದಿದ್ದೆ.

ಐದು ಹೋಗಿ ಒಂದಾಯಿತು ಅಂದರೂ ಆ ಒಂದು ಉಳಿಯಿತಲ್ಲ ಅಂತ ನನ್ನನ್ನೇ ಸಮಾಧಾನ ಮಾಡಿಕೊಂಡು ಕೊನೆಯ ಊರಿಗೆ ಹೋದೆ. ಅಲ್ಲಿ ಕಣ್ಣು ಹೊತ್ತವಳು ಫಕೀರವ್ವ. ಊರವರು ಅವಳನ್ನು ಕೆಮ್ಮಿನ ಫಕೀರವ್ವ ಅಂತ ತಮಾಷೆ ಮಾಡುತ್ತಾರೆ. ಮಾತಾಡುವಾಗ ಅವಳಿಗೆ ಕೆಮ್ಮೇನೂ ಇರಲಿಲ್ಲ, ಗಟ್ಟಿಮುಟ್ಟಾದ ಮುದುಕಿ. ಆದರೆ ಹಿರೇನೀರಿನ ಮಾತು ಶುರು ಮಾಡಿ, ಉಂಗುಟ ಹರಿದು, ಹಕ್ಕಿ ಎದ್ದು ಹೋದಲ್ಲಿಗೆ ಬಂದ ಕೂಡಲೇ ಎರಡು ಸಲ ಕೆಮ್ಮಿದಳು. ನೀರು ಕೊಡಲು ಹೋದೆ. ಕೈಯಿಂದ ತಡೆದಳು. ‘ಈ ಕೆಮ್ಮು ನಂದಲ್ಲವ್ವ. ನಮ್ಮವ್ವಂದು. ಅಕಿಗೆ ಅಕಿ ಅವ್ವ ಕೊಟ್ಟಿದ್ದು. ಕಣ್ಣು ದತ್ತು ತಗೊಂಡ ಮ್ಯಾಲ ಅರ್ಧಾ ತಗೊಳ್ಳಾಕ ಬರತೈತೇನು?’ ಅಂದಳು. ಅದು ನಿನ್ನ ಕೆಮ್ಮು, ತಾಯಿ. ನೀರಿನಲ್ಲಿ ನೆನೆದು ಹತ್ತಿಸಿಕೊಂಡಿದ್ದೆಯೋ ಏನೋ.

ಕೆಮ್ಮಿನ ನಂತರ ಫಕೀರವ್ವ ಹೇಳಿದ ಮಾತು ಬೇರೆ ಯಾವ ಊರಲ್ಲೂ ಇರಲಿಲ್ಲ. ಕನ್ನಡಿ ಮಿಂಚಿಸಿದವರು ಅದನ್ನೂ ಉದ್ದವಾಯಿತು ಅಂತ ಬಿಟ್ಟಿದ್ದರು. ಅದನ್ನು ಅವಳ ಬಾಯಿಂದ ಬಂದ ಹಾಗೆಯೇ ಇಡುತ್ತೇನೆ: ‘ಹಕ್ಕಿ ಮೊದ್ಲ ಎದ್ವೋ, ನೀರಿನ ಸಪ್ಪಳ ಮೊದ್ಲ ಬಂತೋ, ನೆಪ್ಪಿಲ್ಲ ನೋಡವ್ವ. ನಾ ಬಗ್ಗಿ ಉಂಗುಟ ನೋಡಾಕತ್ತಿದ್ದೆ.’

ನೆಪ್ಪಿಲ್ಲ. ನಮ್ಮ ಊರಿನ ಜೀವ ಯಾವ ಮಾತಿನ ಮೇಲೆ ನಿಂತಿತ್ತೋ ಅದರ ಬೇರಿನಲ್ಲಿ ಇದ್ದದ್ದು ನೆಪ್ಪಿಲ್ಲ. ಹಕ್ಕಿ ಮೊದಲು ಎದ್ದಿದ್ದರೆ ಅವಕ್ಕೆ ಮೊದಲೇ ತಿಳಿಯಿತು ಅನ್ನಬಹುದು. ಸಪ್ಪಳ ಕೇಳಿ ಎದ್ದಿದ್ದರೆ ಅವೂ ನಮ್ಮ ಹಾಗೆಯೇ ಹೆದರಿ ಓಡಿದವು, ಅಷ್ಟೇ. ಯಾವುದು ಮೊದಲು ಅನ್ನುವುದರ ಮೇಲೆ ಎಲ್ಲವೂ ನಿಂತಿತ್ತು, ಆ ಹೊತ್ತಿಗೆ ನೀನು ಬಗ್ಗಿ ಚಪ್ಪಲಿ ನೋಡುತ್ತಿದ್ದೆ! ಸಂಬಂಧವಿಲ್ಲದ್ದು ಅಂತ ಎಲ್ಲರೂ ಬಿಟ್ಟ ಆ ಉಂಗುಟವೇ ನೀನು ಕಾಣದೆ ಹೋದದ್ದಕ್ಕೆ ಕಾರಣವಾಗಿತ್ತು. ಇದನ್ನು ಫಕೀರವ್ವನ ಕಡೆಯವರು ಆಮೇಲೆ ಸೇರಿಸಿರಬಹುದಲ್ಲ ಅಂತಲೂ ಯೋಚಿಸಿದೆ, ಅದೂ ನನ್ನ ಕಸುಬೇ. ಆದರೆ ಕತೆಗೆ ಕೊಂಬು ಹಚ್ಚುವವರುಂಟು, ಇದ್ದ ಕೊಂಬು ಮುರಿಯುವವರು ಯಾರು? ‘ನೆಪ್ಪಿಲ್ಲ’ ಅಂದು ಯಾರಿಗೂ ಮರ್ಯಾದೆ ಹೆಚ್ಚುವುದಿಲ್ಲ. ಊರೆಲ್ಲ ನಕ್ಕರೂ ತನ್ನದಲ್ಲದ ಕೆಮ್ಮನ್ನು ಅರವತ್ತು ವರ್ಷ ಕೆಮ್ಮಿದವಳು ಒಂದು ಮಾತನ್ನು ಕೂಡಿಸಿರಲಾರಳು. ಉಳಿದ ನಾವು ನಾಲ್ವರು ನಿನ್ನ ಮಾತನ್ನು ತೊಳೆದು, ಬಾಚಿ, ಹೂ ಮುಡಿಸಿದ್ದೆವು.

ನಿನ್ನ ಮೇಲೆ ಆ ಹೊತ್ತಿಗೆ ಎಷ್ಟು ಪ್ರೀತಿ ಉಕ್ಕಿತು ಅಂತ ಹೇಳಲಾರೆ. ಊರು ಮುಳುಗಿ, ಮನೆ ಹೋಗಿ, ಎಲ್ಲರೂ ನಿನ್ನ ಸುತ್ತ ಕೂತು ಏನು ಕಂಡೆ ಏನು ಕಂಡೆ ಅಂತ ಕೇಳುವಾಗ, ಹಕ್ಕಿ ಮೊದಲೇ ಹೇಳಿದವು ಅನ್ನುವುದು ನಿನಗೆ ಎಷ್ಟು ಸುಲಭವಿತ್ತು. ನೀನು ನೆಪ್ಪಿಲ್ಲ ಅಂದೆ. ನಿನ್ನ ವಂಶದವಳು ನಾನು ಅನ್ನುವುದು ನನಗೆ ಹೆಮ್ಮೆ.

ಆದರೆ ಮನೆಗೆ ಹೋಗಿ ಮಗಳಿಗೆ ಹೇಳಬೇಕಿತ್ತಲ್ಲ. ದಾರಿಯುದ್ದಕ್ಕೂ 'ಹೀಗೆ ಹೇಳಲೋ ಹಾಗೆ ಹೇಳಲೋ' ಅಂತ ಮಾತು ಕಟ್ಟಿದೆ. ನೀಲಗಂಗಿ ಒಲೆಯ ಮುಂದೆ ಕೂತಿದ್ದಳು. ನನ್ನ ಮುಖ ನೋಡಿಯೇ ಅರ್ಧ ತಿಳಿದುಕೊಂಡಳು. ಚಪ್ಪಲಿ, ಕೆಮ್ಮು, ನೆಪ್ಪಿಲ್ಲ, ಎಲ್ಲ ಹೇಳಿದೆ. ‘ಐದು ಮಂದಿ ಅದಾರ ಅಂತ ಧೈರ್ಯದಾಗ ಇದ್ದೆ. ಒಬ್ಬಾಕಿ. ಅಕೀನೂ ಚಪ್ಪಲಿ ನೋಡಾಕತ್ತಿದ್ಲು’ ಅಂದಳು. ಅಂದು ನಕ್ಕಳು. ನಗುತ್ತಲೇ ಅಳು ಬಂತು. ‘ಅಪ್ಪ ಸುಮ್ಮನ ಸತ್ತಂಗಾತಲ್ಲವ್ವ’ ಅಂದಳು. ಏರಿಕೆ ನಿಂತರೆ ಅಪ್ಪನ ಸಾವಿಗೊಂದು ಅರ್ಥ ಬರುತ್ತದೆ ಅಂತ ಅವಳ ಮನಸ್ಸಿನಲ್ಲಿ ಇದ್ದದ್ದು ನನಗೆ ಅವತ್ತೇ ತಿಳಿದದ್ದು. ತಬ್ಬಿಕೊಂಡೆ.

ಕಟ್ಟೆಯಲ್ಲಿ ಅವಳೇ ಎದ್ದು ನಿಂತು ತನ್ನ ಸಿದ್ಧಾಂತಕ್ಕೆ ಬೇರಿಲ್ಲ ಅಂದಳು. ಏರಿಕೆ ಆಗಲಿ ಅಂತ ತೀರ್ಮಾನವಾಯಿತು. ಬಸುರಿಯರಿಬ್ಬರೂ ತೊಟ್ಟಿಲಲ್ಲಿ ಕೂತು ಹತ್ತಿದರು. ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಚಿಕ್ಕದಾಗುತ್ತಿತ್ತು. ಆದರೆ ಬೇರಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತಲೂ ಆಗಲಿಲ್ಲವಲ್ಲ. ಮೊದಲ ಸ್ವಾತಿಯ ಬಿತ್ತನೆಗೆ ಇಳಿದ ನೀಲಗಂಗಿ ಮರಳಿ ಹತ್ತಲಿಲ್ಲ. ‘ನೆಪ್ಪಿಲ್ಲ ಅಂದ್ರ ಯಾರರ ನೋಡಬೇಕಲ್ಲವ್ವ. ನಾ ನೋಡ್ತೀನಿ’ ಅಂತ ಬಿತ್ತನೆಯವರ ಕೈಯಲ್ಲಿ ಹೇಳಿ ಕಳಿಸಿದಳು. ಮೆಟ್ಟಿಲಿನ ಬುಡದಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದಾಳೆ, ಎದುರಿಗೆ ಈಚಲು ಮರಗಳು, ಅದರಾಚೆ ಹೊಳೆ. ದಿನಾ ಬೆಳಿಗ್ಗೆ ಅವಳ ಒಲೆಯ ಹೊಗೆ ಮೇಲೆ ಏಳುತ್ತದೆ. ಅದನ್ನು ನೋಡಿದ ಮೇಲೆ ನಾನು ಬಾಯಿ ಮುಕ್ಕಳಿಸುತ್ತೇನೆ.

ಇಂದು ಎರಡನೆಯ ಸ್ವಾತಿ ಜೋರಾಗಿದೆ. ಮೇಲಿನ ಕಣಿವೆಯ ಕಡೆ ಆಕಾಶ ಕಪ್ಪಾಗಿದೆ. ಬೆಳಗಿನ ಹೊಗೆ ಕಂಡೆ, ಆಮೇಲೆ ಮಳೆಯ ಪರದೆ ಇಳಿದು ಏನೂ ಕಾಣುತ್ತಿಲ್ಲ. ಕೈ ಸುಮ್ಮನಿರಲಿ ಅಂತ ನಿನಗೆ ಬರೆಯುತ್ತ ಕೂತಿದ್ದೇನೆ. ಬದುಕೆಲ್ಲ ಬೇರೆಯವರ ಕಣ್ಣನ್ನು ಪರೀಕ್ಷೆ ಮಾಡಿದವಳು ನಾನು, ಒಂದನ್ನು ದತ್ತು ಪಡೆದು ಹೊತ್ತವಳು. ನನ್ನ ಮಗಳ ಕಣ್ಣನ್ನು ನಾನು ದತ್ತು ತೆಗೆದುಕೊಳ್ಳುವ ದಿನ ಮಾತ್ರ ಬರಬಾರದು. ನೀನು ಹೊಳೆಯಿಂದ ಬದುಕಿ ಬಂದವಳು, ನಿನಗೆ ಆ ದಾರಿ ಗೊತ್ತು. ಅವಳನ್ನು ಹತ್ತಿಸಿ ಕಳಿಸು ತಾಯಿ.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಈಗ ಮುಂದುವರಿಸುತ್ತಿದ್ದೇನೆ. ಶಾಯಿ ಬದಲಾಗಿದೆ, ಗಮನಿಸಬೇಡ.

ನೀರು ಬಂತು. ಹಿರೇನೀರಿನಷ್ಟು ಅಲ್ಲ ಅಂತ ಹಿರಿಯರು ಅನ್ನುತ್ತಾರೆ, ಅವರು ಯಾವ ಹಿರೇನೀರು ಕಂಡಿದ್ದಾರೋ ನನಗೆ ಗೊತ್ತಿದೆ. ನಮ್ಮ ಕೆಳಗಿನ ಮನೆಗಳು ಮಾಳಿಗೆಯವರೆಗೆ ಮುಳುಗಿವೆ. ಎಲ್ಲರೂ ಮೇಲಿದ್ದೇವೆ, ಎಮ್ಮೆಗಳು ಸಹಿತ. ನೀಲಗಂಗಿ ಮೈಯೆಲ್ಲ ಕೆಸರಾಗಿ, ಮೊಣಕೈ ತರಚಿಕೊಂಡು, ತಾನು ದ್ವೇಷಿಸುವ ಅದೇ ಮೆಟ್ಟಿಲುಗಳನ್ನು ಹತ್ತಿ ಬಂದಳು. ಯಾವುದು ಮೊದಲು ಅಂತ ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದು ನೆನಪಿಗೇ ಬರಲಿಲ್ಲ. ತಲೆ ಒರೆಸಿದೆ, ಒಣ ಸೀರೆ ಉಡಿಸಿದೆ, ಬಿಸಿ ಅಂಬಲಿ ಕುಡಿಸಿದೆ. ಆಮೇಲೆ ಅವಳೇ ಹೇಳಿದಳು.

‘ಬರೇ ಹಕ್ಕಿ ಸುದ್ದಿ ಅಷ್ಟ ಹೇಳೂದಿಲ್ಲವ್ವ, ಎಲ್ಲಾ ಹೇಳ್ತೀನಿ, ಕೇಳು. ನಾ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ದೆ. ಹಿಟ್ಟು ನಿನ್ನಿದು, ಸ್ವಲ್ಪ ಹುಳಿ ಆಗಿತ್ತು. ಸಪ್ಪಳ ಮೊದ್ಲ ಬಂತು, ದೂರದಾಗ ಬಂಡಿ ಹೊಂಟಂಗ. ಮರದ ಕಡೆ ನೋಡ್ದೆ. ಗೀಜಗ ಇನ್ನೂ ನೇಯಾಕತ್ತಿದ್ವು. ಹಕ್ಕಿಗಿಂತ ಮೊದ್ಲ ನಾ ಎದ್ದೆನವ್ವ. ನಾಲ್ಕು ಮೆಟ್ಟಲಾ ಹತ್ತಿ ತಿರುಗಿ ನೋಡಿದಾಗ ಅವು ಎದ್ದು ಹೊಂಟಿದ್ವು. ರೊಟ್ಟಿ ಹಂಚಿನ ಮ್ಯಾಲ ಸೀದು ಹೋತು.’

ಬಸುರಿಯರಲ್ಲಿ ಒಬ್ಬಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಹಕ್ಕಿಯನ್ನು ನಂಬಿ ಕೆಳಗೆ ಉಳಿದಿದ್ದರೆ ಏನಾಗುತ್ತಿತ್ತು ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ನೀಲಗಂಗಿ, ‘ಇದು ಒಂದ ಸಲದ ಮಾತು. ನಾ ಒಬ್ಬಾಕಿ ಕಂಡೀನಿ. ಮತ್ತೊಮ್ಮೆ ನೋಡಬೇಕಾಗತೈತಿ’ ಅಂದಳು. ಮತ್ತೊಮ್ಮೆ ಅನ್ನುವ ಮಾತಿಗೆ ನಾನು ಕೈಯಲ್ಲಿದ್ದ ಸೌಟು ತೋರಿಸಿದೆ. ಎಲ್ಲರೂ ನಕ್ಕರು, ಅವಳೂ.

ನಿನ್ನನ್ನು ಬೀಳ್ಕೊಡುವ ಮೊದಲು ಒಂದೇ ಒಂದು ಬೇಡಿಕೆ. ನಿನ್ನ ಕಾಲದಲ್ಲಿ ಮಾತು ಬಹಳ ಅಗ್ಗವಂತೆ. ಒಬ್ಬರು ಆಡಿದ್ದು ಸಂಜೆಯೊಳಗೆ ಸಾವಿರ ಬಾಯಲ್ಲಿ ಇರುತ್ತಿತ್ತಂತೆ, ಸಾವಿರ ಬಾಯಿ ಕೇಳಿದವರು ಸಾವಿರ ಕಣ್ಣು ಅಂದುಕೊಳ್ಳುತ್ತಿದ್ದರಂತೆ. ನಿನ್ನ ಸುತ್ತಲಿನವರಿಗೆ ಹೇಳು: ಎಲ್ಲರೂ ಹೇಳುತ್ತಾರೆ ಅಂತ ಯಾರಾದರೂ ಅಂದರೆ, ಆ ಎಲ್ಲರ ಕಾಲಿನ ಚಪ್ಪಲಿಯನ್ನೂ ಒಂದು ಸಲ ಕೇಳಿ ನೋಡಿ. ಕಾಣದ್ದನ್ನು ಕಾಣಲಿಲ್ಲ ಅನ್ನಿ. ಮರೆತದ್ದನ್ನು ಮರೆತೆ ಅನ್ನಿ. ನೀನು ಅಂದದ್ದಕ್ಕೇ ನಾನು ಇವತ್ತು ಮಗಳ ಪಕ್ಕ ಕೂತು ಈ ಕಾಗದ ಮುಗಿಸುತ್ತಿದ್ದೇನೆ. ಅವಳು ನಿದ್ದೆ ಹೋಗಿದ್ದಾಳೆ. ನೀರು ಇಳಿದ ಮೇಲೆ ಇದನ್ನು ಅವಳೇ ಒಯ್ದು ದಂಡೆಯ ಕಲ್ಲಿನ ಕೆಳಗೆ ಇಡುತ್ತಾಳೆ.

ಮುಂದೊಂದು ದಿನ ಅವಳ ಕಣ್ಣನ್ನು ಯಾರು ದತ್ತು ತೆಗೆದುಕೊಳ್ಳುತ್ತಾರೋ, ಸೀದ ರೊಟ್ಟಿಯನ್ನೂ ಬಿಡದೆ ತೆಗೆದುಕೊಳ್ಳಲಿ. ನೀನು ಆ ಚಪ್ಪಲಿ ಹೊಲಿಸಿಕೋ ತಾಯಿ. ದಂಡೆಯ ಮೇಲೆ ಮುಳ್ಳು ಬಹಳ.

ನಿನ್ನ,
ಸಂಕವ್ವ